ಒಂದೇ ಚಾಪೆ ತಲುಪಲು ನೂರೈದು ವರ್ಷ

1959ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಯುಟಿಕಾ ಎಂಬ ಊರಿನಲ್ಲಿ ವೈ.ಎಂ.ಸಿ.ಎ. ಶಾಖೆಗಳ ನಡುವಿನ ಜೂಡೊ ಪಂದ್ಯಾವಳಿ ನಡೆಯಿತು. ಬ್ರೂಕ್ಲಿನ್‌ನಿಂದ ಬಂದಿದ್ದ ತಂಡದಲ್ಲಿ ಒಬ್ಬನಿಗೆ ಪೆಟ್ಟಾಗಿತ್ತು. ಅವನ ಬದಲಿಗೆ ಕಣಕ್ಕಿಳಿದವರು ರೀನಾ ಗ್ಲಿಕ್‌ಮನ್ ಎಂಬ ತರುಣಿ. ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡು, ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದ ಆಕೆಯನ್ನು ಯಾರೂ ಹೆಣ್ಣೆಂದು ಗುರುತಿಸಲಿಲ್ಲ. ಸೋಲದೆ ಸಮ ಮಾಡಿಕೊಂಡು ಬಂದರೆ ಸಾಕು ಎಂದು ತಂಡದವರು ಹೇಳಿ ಕಳಿಸಿದ್ದರು. ಆಕೆ ಗೆದ್ದೇ ಬಂದರು. ತಂಡವೂ ಗೆದ್ದಿತು. ಪದಕ ಕೈಸೇರಿದ ಮೇಲೆ ಸಂಘಟಕರೊಬ್ಬರು ಆಕೆಯನ್ನು ಪಕ್ಕಕ್ಕೆ ಕರೆದು, ನೀನು ಹೆಣ್ಣೇ ಎಂದು ಕೇಳಿದರು. ಹೌದು ಎಂದು ತಲೆಯಾಡಿಸಿದರು. ಪದಕ ಹಿಂದಿರುಗಿಸದಿದ್ದರೆ ಇಡೀ ತಂಡದ ಗೆಲುವು ರದ್ದಾಗುತ್ತಿತ್ತು. ಆಕೆ ಪದಕವನ್ನು ಕೊಟ್ಟು ಹೊರಬಂದರು.

ಇಲ್ಲೊಂದು ಸೂಕ್ಷ್ಮವಿದೆ. ಹೆಂಗಸರು ಭಾಗವಹಿಸಬಾರದು ಎಂದು ಆವರೆಗೆ ಯಾವ ಅರ್ಜಿಯಲ್ಲೂ ಬರೆದಿರಲಿಲ್ಲ. ಬರೆಯಬೇಕೆಂದು ಯಾರಿಗೂ ತೋಚಿರಲಿಲ್ಲ, ಅಷ್ಟೆ. ಯುಟಿಕಾದ ಪ್ರಸಂಗದ ನಂತರವೇ ಅರ್ಜಿಯಲ್ಲಿ ‘ಗಂಡಸರು’ ಎಂಬ ಶಬ್ದ ಸೇರಿಕೊಂಡಿತು. ಹೆಣ್ಣನ್ನು ಹೊರಗಿಡುವ ಅನೇಕ ನಿಯಮಗಳ ಚರಿತ್ರೆ ಹೀಗೆಯೇ ಇದೆ. ಮೊದಲು ಅದು ರೂಢಿ. ಒಬ್ಬಳು ಧೈರ್ಯ ಮಾಡಿ ಒಳಗೆ ಬಂದ ದಿನ ಅದು ಲಿಖಿತ ಕಾನೂನಾಗುತ್ತದೆ.

ಜೂಡೊ ಎಂದರೆ ನಮ್ಮಲ್ಲಿ ಹಲವರಿಗೆ ಕರಾಟೆಯ ಇನ್ನೊಂದು ಹೆಸರು. ಅದು ತಪ್ಪು. ಕರಾಟೆಯಲ್ಲಿ ಹೊಡೆತ, ಒದೆತ ಪ್ರಧಾನ. ಜೂಡೊದಲ್ಲಿ ಹೊಡೆಯುವಂತಿಲ್ಲ. ಅದು ನಮ್ಮ ಕುಸ್ತಿಗೆ ಹತ್ತಿರದ ಆಟ. ದಪ್ಪ ಬಟ್ಟೆಯ ಅಂಗಿಯ ಕೊರಳಪಟ್ಟಿ, ತೋಳು ಹಿಡಿದು ಎದುರಾಳಿಯ ತೂಕವನ್ನೇ ಅವರ ವಿರುದ್ಧ ತಿರುಗಿಸಿ ಬೆನ್ನಿನ ಮೇಲೆ ಕೆಡಹುವುದು ಮೊದಲ ಗುರಿ. ವೇಗ, ಬಲ, ಹತೋಟಿಯೊಂದಿಗೆ ಪೂರ್ತಿ ಬೆನ್ನಿನ ಮೇಲೆ ಕೆಡಹಿದರೆ ಅದು ‘ಇಪ್ಪೊನ್’. ಪಂದ್ಯ ಅಲ್ಲಿಗೇ ಮುಗಿಯುತ್ತದೆ. ನೆಲಕ್ಕೆ ಬಿದ್ದ ಮೇಲೆ ನಿಗದಿತ ಸೆಕೆಂಡುಗಳ ಕಾಲ ಒತ್ತಿ ಹಿಡಿದರೂ ಗೆಲುವು. ಮೊಣಕೈ ಕೀಲನ್ನು ತಿರುಚಿ ಅಥವಾ ಕೊರಳು ಬಿಗಿದು ಎದುರಾಳಿಯಿಂದ ‘ಸಾಕು’ ಎನಿಸಿದರೂ ಗೆಲುವೇ. ಈ ಕೊರಳು ಬಿಗಿಯುವ ಪಟ್ಟನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಶಿರವಸ್ತ್ರದ ವಿಷಯ ಬಂದಾಗ ಅದರ ಮಾತು ಮತ್ತೆ ಬರುತ್ತದೆ.

ಗುರುವಿನ ಮನೆಯಲ್ಲಿ

ಈ ವಿದ್ಯೆಯನ್ನು ರೂಪಿಸಿದವರು ಜಿಗೊರೊ ಕಾನೊ. ಜಪಾನಿನ ಹಳೆಯ ಜುಜುತ್ಸು ಕಲೆಯಿಂದ ಅಪಾಯಕಾರಿ ಪಟ್ಟುಗಳನ್ನು ತೆಗೆದು, ಉಳಿದವನ್ನು ಶಿಕ್ಷಣದ ಭಾಗವಾಗಿಸಬಹುದೆಂದು ಕಂಡುಕೊಂಡ ಅಧ್ಯಾಪಕ ಅವರು. 1882ರಲ್ಲಿ ಟೋಕಿಯೋದ ಬೌದ್ಧ ದೇವಾಲಯವೊಂದರಲ್ಲಿ ಹನ್ನೆರಡು ಚಾಪೆಗಳಷ್ಟು ಜಾಗ, ಒಂಬತ್ತು ಮಂದಿ ಶಿಷ್ಯರೊಂದಿಗೆ ‘ಕೊಡೊಕಾನ್’ ಶಾಲೆ ಆರಂಭವಾಯಿತು. ಕಾನೊ ಎರಡು ತತ್ವಗಳನ್ನು ಬೋಧಿಸಿದರು. ಒಂದು, ಇರುವ ಶಕ್ತಿಯನ್ನು ಅತ್ಯುತ್ತಮವಾಗಿ ಬಳಸುವುದು. ಇನ್ನೊಂದು, ತನ್ನ ಒಳಿತು ಮತ್ತು ಇತರರ ಒಳಿತು ಜೊತೆಯಾಗಿ ಬೆಳೆಯಬೇಕೆಂಬುದು. ಎದುರಾಳಿ ಇಲ್ಲದಿದ್ದರೆ ಕಲಿಕೆಯೇ ಇಲ್ಲ. ಆದ್ದರಿಂದ ಎದುರಾಳಿಗೆ ಬಾಗಿ ವಂದಿಸಿಯೇ ಆಟ ಆರಂಭ.

ಹೆಣ್ಣುಮಕ್ಕಳ ವಿಷಯದಲ್ಲಿ ಕಾನೊ ಅವರ ನಿಲುವು ಅರ್ಧ ತೆರೆದ ಬಾಗಿಲಿನಂತಿತ್ತು. 1893ರಲ್ಲಿಯೇ ಸುಯೆಕೊ ಆಶಿಯಾ ಎಂಬ ಹೆಣ್ಣುಮಗಳಿಗೆ ಅವರು ಕಲಿಸಿದರು. 1926ರಲ್ಲಿ ಕೊಡೊಕಾನ್‌ನಲ್ಲಿ ಮಹಿಳಾ ವಿಭಾಗವೂ ತೆರೆಯಿತು. ಆ ಕಾಲದ ಜಪಾನಿನಲ್ಲಿ ಇದು ಸಣ್ಣ ಮಾತಲ್ಲ. ಆದರೆ ಹೆಂಗಸರು ಅಭ್ಯಾಸ ಮಾಡಬಹುದು, ಪಟ್ಟುಗಳ ಕ್ರಮಬದ್ಧ ಪ್ರದರ್ಶನ ನೀಡಬಹುದು, ಸ್ಪರ್ಧಿಸುವಂತಿಲ್ಲ. ಸ್ಪರ್ಧೆ ಹೆಣ್ಣಿನ ದೇಹಕ್ಕೆ ಒಳ್ಳೆಯದಲ್ಲ ಎಂಬ ನಂಬಿಕೆ ಅಂದು ಬಲವಾಗಿತ್ತು. ಹೆಂಗಸರು ಕಟ್ಟುವ ಕಪ್ಪು ಬೆಲ್ಟಿನ ಉದ್ದಕ್ಕೂ ಒಂದು ಬಿಳಿ ಗೆರೆ ಇರುತ್ತಿತ್ತು. ಅದೇ ವಿದ್ಯೆ, ಅದೇ ದರ್ಜೆ, ಆದರೆ ದೂರದಿಂದಲೇ ಬೇರೆ ಎಂದು ಕಾಣಬೇಕು!

ಆ ಗೆರೆಯ ಅರ್ಥವನ್ನು ಬದುಕಿಡೀ ಅನುಭವಿಸಿದವರು ಕೈಕೊ ಫುಕುಡಾ. 1913ರಲ್ಲಿ ಹುಟ್ಟಿದ ಅವರು, ಸ್ವತಃ ಕಾನೊ ಅವರಿಗೆ ಜುಜುತ್ಸು ಕಲಿಸಿದ್ದ ಗುರುವಿನ ಮೊಮ್ಮಗಳು. ಆ ಸಂಬಂಧದ ಗೌರವದಿಂದ ಕಾನೊ ಅವರೇ ಕರೆದು 1935ರಲ್ಲಿ ಶಾಲೆಗೆ ಸೇರಿಸಿಕೊಂಡರು. ಮೂರೇ ವರ್ಷದಲ್ಲಿ ಕಾನೊ ತೀರಿಕೊಂಡರು. ಈಜಿಪ್ಟಿನ ಕೈರೋದಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸಭೆ ಮುಗಿಸಿ ಊರಿಗೆ ಮರಳುತ್ತಿದ್ದಾಗ, 1938ರ ಮೇ ತಿಂಗಳಲ್ಲಿ, ಹಡಗಿನಲ್ಲಿಯೇ ಅವರ ನಿಧನವಾಯಿತು. ಗುರು ಹೋದರೂ ಫುಕುಡಾ ಕಲಿಸುವುದನ್ನು ಬಿಡಲಿಲ್ಲ. ಮದುವೆಯಾದರೆ ಜೂಡೊ ಬಿಡಬೇಕಾಗುತ್ತದೆಂದು ಮದುವೆಯನ್ನೇ ಬಿಟ್ಟರು. 1953ರಲ್ಲಿ ಐದನೆಯ ದರ್ಜೆಯ ಕಪ್ಪು ಬೆಲ್ಟ್ ಬಂತು. ಅದಕ್ಕಿಂತ ಮೇಲೆ ಹೆಂಗಸರಿಗೆ ದರ್ಜೆ ಕೊಡುವ ಪದ್ಧತಿಯೇ ಇರಲಿಲ್ಲವಾದ್ದರಿಂದ ಸುಮಾರು ಇಪ್ಪತ್ತು ವರ್ಷ ಅಲ್ಲೇ ನಿಂತರು. ಅವರಿಂದ ಕಲಿತ ಗಂಡಸರು ಅವರನ್ನು ದಾಟಿ ಮೇಲೇರಿದರು. ಕೊಡೊಕಾನ್ ಅವರಿಗೆ ಒಂಬತ್ತನೆಯ ದರ್ಜೆ ಕೊಟ್ಟದ್ದು 2006ರಲ್ಲಿ. 2011ರಲ್ಲಿ ಅಮೆರಿಕದ ಜೂಡೊ ಸಂಸ್ಥೆ ಹತ್ತನೆಯ ದರ್ಜೆಯ ಗೌರವ ನೀಡಿದಾಗ ಅವರಿಗೆ 98 ವರ್ಷ. ಒಂದೂವರೆ ವರ್ಷದ ನಂತರ, 2013ರ ಫೆಬ್ರವರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರು ತೀರಿಕೊಂಡರು.

ನಮ್ಮ ದೇಶದ ಒಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. 1929ರಲ್ಲಿ ರವೀಂದ್ರನಾಥ ಠಾಕೂರರು ಶಿಂಜೊ ತಕಗಾಕಿ ಎಂಬ ಜೂಡೊ ಗುರುವನ್ನು ಜಪಾನಿನಿಂದ ಶಾಂತಿನಿಕೇತನಕ್ಕೆ ಕರೆಸಿದರು. ಹುಡುಗರ ಜೊತೆಗೆ ಹುಡುಗಿಯರೂ ಆ ತರಗತಿಗೆ ಹೋದರು. ಅಳುಕು ಬಿಡಿ ಎಂಬ ಭಾವದ ಹಾಡೊಂದನ್ನು ಕವಿಗಳು ಅವರ ಪ್ರದರ್ಶನಕ್ಕೆಂದೇ ಬರೆದರು. ಹಣದ ಅಡಚಣೆಯಿಂದ ಆ ಪ್ರಯೋಗ ಬೇಗನೆ ನಿಂತಿತು. ಆದರೂ ಗರಡಿಮನೆಯ ಹೊಸ್ತಿಲನ್ನು ಹೆಣ್ಣು ದಾಟಬಾರದೆಂದು ನಂಬಿದ್ದ ನಾಡಿನಲ್ಲಿ ಸೀರೆಯ ಕಾಲದ ಹೆಣ್ಣುಮಕ್ಕಳು ಜೂಡೊ ಕಲಿತರೆಂಬುದು ನಮಗೆ ಈಗಲೂ ಆಶ್ಚರ್ಯದ ಸಂಗತಿ.

ಗಂಡಸರ ವಿಶ್ವ ಚಾಂಪಿಯನ್‌ಷಿಪ್

ಮೊದಲ ವಿಶ್ವ ಜೂಡೊ ಚಾಂಪಿಯನ್‌ಷಿಪ್ ನಡೆದದ್ದು 1956ರ ಮೇ ತಿಂಗಳಲ್ಲಿ, ಟೋಕಿಯೋದಲ್ಲಿ. 21 ದೇಶಗಳ 31 ಮಂದಿ ಬಂದಿದ್ದರು. ಎಲ್ಲರೂ ಗಂಡಸರು. ತೂಕದ ವಿಭಾಗಗಳೂ ಇರಲಿಲ್ಲ. ಕಲೆ ಇದ್ದವನಿಗೆ ಎದುರಾಳಿಯ ತೂಕ ಲೆಕ್ಕಕ್ಕಿಲ್ಲ ಎಂಬುದು ಜಪಾನೀಯರ ನಂಬಿಕೆ. ಮೊದಲೆರಡು ಸಲ ಜಪಾನೀಯರೇ ಗೆದ್ದಿದ್ದರಿಂದ ಆ ನಂಬಿಕೆ ಅಲುಗಲಿಲ್ಲ. 1961ರಲ್ಲಿ ಪ್ಯಾರಿಸ್‌ನಲ್ಲಿ ಹಾಲೆಂಡಿನ ಆಜಾನುಬಾಹು ಆಂಟನ್ ಗೀಸಿಂಕ್ ಗೆದ್ದಾಗ ಅದು ಅಲುಗಿತು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜೂಡೊ ಮೊದಲ ಬಾರಿಗೆ ಸೇರಿತು. ಎಲ್ಲ ತೂಕದವರಿಗೂ ತೆರೆದಿದ್ದ ವಿಭಾಗದ ಅಂತಿಮ ಪಂದ್ಯದಲ್ಲಿ ಗೀಸಿಂಕ್ ಜಪಾನಿನ ಅಕಿಯೊ ಕಾಮಿನಾಗ ಅವರನ್ನು ನೆಲಕ್ಕೊತ್ತಿ ಹಿಡಿದಾಗ ಬುಡೊಕಾನ್ ಸಭಾಂಗಣ ಮೌನವಾಯಿತು. ಸಂತೋಷದಿಂದ ಚಾಪೆಯತ್ತ ನುಗ್ಗಲು ಹೊರಟ ತನ್ನ ದೇಶದವರನ್ನು ಗೀಸಿಂಕ್ ಕೈಯೆತ್ತಿ ತಡೆದರು. ಸೋತವನಿಗೆ ವಂದಿಸದೆ ಸಂಭ್ರಮ ಬೇಡ ಎಂಬ ಆ ನಡತೆಯನ್ನು ಜಪಾನೀಯರು ಸೋಲಿಗಿಂತ ಹೆಚ್ಚು ನೆನಪಿಟ್ಟುಕೊಂಡರು.

ಅದೇ ಒಲಿಂಪಿಕ್ಸ್‌ನ ಸಮಯದಲ್ಲಿ ಕೈಕೊ ಫುಕುಡಾ ಕೂಡ ಚಾಪೆಯ ಮೇಲಿದ್ದರು, ಪ್ರದರ್ಶನ ನೀಡಲು. ಜಗತ್ತಿನ ಎದುರು ಹೆಣ್ಣಿಗೆ ಸಿಕ್ಕ ಪಾತ್ರ ಅದು: ಗಂಡಸರ ಸ್ಪರ್ಧೆಯ ನಡುವೆ ಕಣ್ಣಿಗೆ ತಂಪಾದ ಒಂದು ಪ್ರದರ್ಶನ. ಗೀಸಿಂಕ್ ಗೆದ್ದ ಮೇಲೆ ಜೂಡೊ ಜಪಾನಿನ ಸೊತ್ತಾಗಿ ಉಳಿಯಲಿಲ್ಲ, ಜಗತ್ತಿನ ಆಟವಾಯಿತು ಎಂದು ಚರಿತ್ರೆಯ ಪುಸ್ತಕಗಳಲ್ಲಿ ಬರೆಯುತ್ತಾರೆ. ಆ ಜಗತ್ತಿನಲ್ಲಿ ಅರ್ಧದಷ್ಟು ಜನ ಇನ್ನೂ ಸೇರಿರಲಿಲ್ಲ ಎಂದು ಯಾಕೆ ಬರೆಯುವುದಿಲ್ಲವೆಂದು ನಾವು ಕೇಳಬೇಕಾಗುತ್ತದೆ.

ಮನೆ ಅಡವಿಟ್ಟು ನಡೆಸಿದ ಚಾಂಪಿಯನ್‌ಷಿಪ್

ಈಗ ಯುಟಿಕಾದಲ್ಲಿ ಪದಕ ಕಳೆದುಕೊಂಡ ತರುಣಿಯ ಕಡೆಗೆ ಬರೋಣ. ಬ್ರೂಕ್ಲಿನ್‌ನ ಬೀದಿಗಳಲ್ಲಿ ಜಗಳವಾಡುತ್ತಾ ಬೆಳೆದಿದ್ದ ರೀನಾ 1962ರಲ್ಲಿ ಜಪಾನಿಗೆ ಹೋದರು. ಕೊಡೊಕಾನ್‌ನ ಮಹಿಳಾ ವಿಭಾಗದಲ್ಲಿ ಆಕೆಗೆ ಸರಿಜೋಡಿ ಸಿಗದಿದ್ದಾಗ ಗಂಡಸರ ಮುಖ್ಯ ಸಭಾಂಗಣದಲ್ಲಿ ಅಭ್ಯಾಸ ಮಾಡಲು ಅನುಮತಿ ದೊರೆಯಿತು. ಆ ಭಾಗ್ಯ ಪಡೆದ ಮೊದಲ ಹೆಣ್ಣು ಆಕೆ. ಅಲ್ಲಿಯೇ ಪರಿಚಯವಾದ ರ‍್ಯೊಹೆಯ್ ಕಾನೊಕೊಗಿ ಎಂಬ ಜೂಡೊ ಪಟುವನ್ನು ಮದುವೆಯಾಗಿ, ಮುಂದೆ ರಸ್ಟಿ ಕಾನೊಕೊಗಿ ಎಂದೇ ಪ್ರಸಿದ್ಧರಾದರು.

ನ್ಯೂಯಾರ್ಕಿಗೆ ಮರಳಿದ ಮೇಲೆ ಆಕೆಯ ತಲೆಯಲ್ಲಿ ಒಂದೇ ಯೋಚನೆ. ಹೆಂಗಸರಿಗೂ ವಿಶ್ವ ಚಾಂಪಿಯನ್‌ಷಿಪ್ ಬೇಕು. ಒಲಿಂಪಿಕ್ಸ್‌ಗೆ ಸೇರಬೇಕಾದರೆ ಮೊದಲು ವಿಶ್ವಮಟ್ಟದ ಸ್ಪರ್ಧೆ ನಡೆದಿರಬೇಕು ಎಂಬ ಲೆಕ್ಕ ಆಕೆಗೆ ಗೊತ್ತಿತ್ತು. ಹಣ ಕೊಡುವವರು ಸಿಗಲಿಲ್ಲ. ಆಕೆ ತನ್ನ ಮನೆಯನ್ನೇ ಅಡವಿಟ್ಟರು. 1980ರ ನವೆಂಬರ್ 29 ಮತ್ತು 30ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲ ಮಹಿಳಾ ವಿಶ್ವ ಜೂಡೊ ಚಾಂಪಿಯನ್‌ಷಿಪ್ ನಡೆಯಿತು. ಗಂಡಸರ ಮೊದಲ ಸ್ಪರ್ಧೆ ನಡೆದು ಆಗಲೇ 24 ವರ್ಷಗಳಾಗಿದ್ದವು.

ಆ ಎರಡು ದಿನಗಳ ಫಲಿತಾಂಶ ಸ್ವಾರಸ್ಯಕರವಾಗಿದೆ. ಎಂಟು ಚಿನ್ನದ ಪದಕಗಳಲ್ಲಿ ಮೂರು ಆಸ್ಟ್ರಿಯಾಕ್ಕೆ ಹೋದವು. ಬ್ರಿಟನ್, ಹಾಲೆಂಡ್, ಫ್ರಾನ್ಸ್, ಇಟಲಿ, ಬೆಲ್ಜಿಯಂ ಒಂದೊಂದು ಪಡೆದವು. ಜೂಡೊದ ತವರು ಜಪಾನಿಗೆ ಒಂದೂ ಇಲ್ಲ! ಕಾರಣ ಸರಳ. ಯುರೋಪಿನಲ್ಲಿ ಹೆಣ್ಣುಮಕ್ಕಳು ಸ್ಪರ್ಧಿಸಲು ಆರಂಭಿಸಿ ಕೆಲವು ವರ್ಷಗಳಾಗಿದ್ದವು. ಜಪಾನಿನಲ್ಲಿ ಹೆಂಗಸರ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದದ್ದೇ 1978ರಲ್ಲಿ. ಹೆಣ್ಣಿನ ಹಿತಕ್ಕೆಂದು ಹಾಕಿದ್ದ ಬೇಲಿ ಅರ್ಧ ಶತಮಾನದಲ್ಲಿ ಗುರುವಿನ ನಾಡನ್ನೇ ಹಿಂದೆ ಹಾಕಿತ್ತು. ನ್ಯೂಯಾರ್ಕಿನಲ್ಲಿ ಜಪಾನಿನ ಮಾನ ಕಾಯ್ದವಳು 15 ವರ್ಷದ ಕವೊರಿ ಯಮಾಗುಚಿ ಎಂಬ ಶಾಲಾ ಬಾಲಕಿ. ಅವಳು 52 ಕಿಲೋ ವಿಭಾಗದಲ್ಲಿ ಬೆಳ್ಳಿ ಗೆದ್ದಳು. ನಾಲ್ಕು ವರ್ಷಗಳ ನಂತರ ವಿಯೆನ್ನಾದಲ್ಲಿ ಚಿನ್ನ ಗೆದ್ದು ಜಪಾನಿನ ಮೊದಲ ಮಹಿಳಾ ವಿಶ್ವ ಚಾಂಪಿಯನ್ ಆದಳು. ಈ ಹೆಸರೂ ಮುಂದೆ ಮತ್ತೊಮ್ಮೆ ಬರಲಿದೆ.

ಆಮೇಲೆ ಪ್ಯಾರಿಸ್, ವಿಯೆನ್ನಾ, ಮಾಸ್ಟ್ರಿಕ್ಟ್‌ಗಳಲ್ಲಿ ಮಹಿಳೆಯರ ಚಾಂಪಿಯನ್‌ಷಿಪ್ ನಡೆಯಿತು. ಗಂಡಸರದು ಒಂದು ವರ್ಷ, ಹೆಂಗಸರದು ಇನ್ನೊಂದು ವರ್ಷ, ಬೇರೆ ಊರು, ಬೇರೆ ಸಭಾಂಗಣ. ಪತ್ರಿಕೆಗಳು, ಪ್ರಾಯೋಜಕರು ಯಾವ ವರ್ಷ ಬರುತ್ತಿದ್ದರು ಎಂದು ಹೇಳಬೇಕಾಗಿಲ್ಲ. 1987ರ ನವೆಂಬರ್‌ನಲ್ಲಿ ಅಂದಿನ ಪಶ್ಚಿಮ ಜರ್ಮನಿಯ ಎಸ್ಸೆನ್ ನಗರದಲ್ಲಿ ಈ ಪದ್ಧತಿ ಮುಗಿಯಿತು. ಅಲ್ಲಿ ಮೊದಲ ಬಾರಿಗೆ ಪುರುಷರ ಮತ್ತು ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಒಂದೇ ಸೂರಿನಡಿ ನಡೆಯಿತು. ಗಂಡಸರಿಗೆ ಎಂಟು ವಿಭಾಗ, ಹೆಂಗಸರಿಗೆ ಎಂಟು ವಿಭಾಗ. ಅಮೆರಿಕದ ಮೈಕ್ ಸ್ವೇನ್ ತನ್ನ ದೇಶದ ಗಂಡಸರಿಗೆ ಮೊದಲ ವಿಶ್ವ ಪ್ರಶಸ್ತಿ ತಂದ ಸಭಾಂಗಣದಲ್ಲಿಯೇ ಚೀನಾದ ಗಾವೊ ಫೆಂಗ್ಲಿಯಾನ್ ಮಹಿಳೆಯರ ಅತಿಭಾರದ ವಿಭಾಗದ ಚಿನ್ನ ಗೆದ್ದರು. ಹನ್ನೆರಡು ಚಾಪೆಗಳ ಆ ಮೊದಲ ಶಾಲೆಯಿಂದ ಇಲ್ಲಿಗೆ ನೂರೈದು ವರ್ಷ.

ಎಸ್ಸೆನ್‌ಗೆ ಚರಿತ್ರೆಯಲ್ಲಿ ಯಾರೂ ವಿಶೇಷ ಸ್ಥಾನ ಕೊಟ್ಟಿಲ್ಲ. ಅದು ಆಡಳಿತದ ಅನುಕೂಲಕ್ಕೆ ಮಾಡಿದ ಬದಲಾವಣೆಯಂತೆ ದಾಖಲೆಗಳಲ್ಲಿ ಮಲಗಿದೆ. ಆದರೆ ನಮ್ಮ ದೃಷ್ಟಿಯಲ್ಲಿ ಒಲಿಂಪಿಕ್ಸ್ ಪ್ರವೇಶಕ್ಕಿಂತ ಇದೇ ದೊಡ್ಡದು. ಒಂದೇ ಟಿಕೆಟ್ ಕೊಂಡು ಬಂದ ಪ್ರೇಕ್ಷಕ, ಒಂದೇ ದಿನ, ಅದೇ ಚಾಪೆಯ ಮೇಲೆ ಗಂಡಸಿನ ಪಂದ್ಯವನ್ನೂ ಹೆಂಗಸಿನ ಪಂದ್ಯವನ್ನೂ ನೋಡುತ್ತಾನೆ. ಎರಡರಲ್ಲೂ ಅದೇ ನಿಯಮ, ಅದೇ ವಂದನೆ, ಅದೇ ಇಪ್ಪೊನ್. ಕಣ್ಣು ಒಮ್ಮೆ ಒಗ್ಗಿದ ಮೇಲೆ ವಾದಕ್ಕೆ ಜಾಗ ಕಡಿಮೆ.

ಒಲಿಂಪಿಕ್ಸ್‌ನ ಬಾಗಿಲು ತೆರೆಯಲು ಕಾನೊಕೊಗಿ ಕೋರ್ಟಿನ ಮೆಟ್ಟಿಲು ಹತ್ತುವ ಬೆದರಿಕೆ ಹಾಕಬೇಕಾಯಿತು. 1988ರಲ್ಲಿ ಸೋಲ್‌ನಲ್ಲಿ ಮಹಿಳಾ ಜೂಡೊ ಬರೀ ಪ್ರದರ್ಶನ ಕ್ರೀಡೆಯಾಗಿ ಬಂತು. ಪದಕ ಲೆಕ್ಕಕ್ಕಿಲ್ಲ. 1992ರ ಬಾರ್ಸಿಲೋನಾದಲ್ಲಿ ಪೂರ್ಣ ಸ್ಪರ್ಧೆಯಾಯಿತು. ಗಂಡಸರಿಗೂ ಏಳು, ಹೆಂಗಸರಿಗೂ ಏಳು ವಿಭಾಗ. ಅಲ್ಲಿ 16ರ ಹರೆಯದಲ್ಲಿ ಬೆಳ್ಳಿ ಗೆದ್ದ ಜಪಾನಿನ ರ‍್ಯೊಕೊ ತಮುರಾ, ಮದುವೆಯ ನಂತರ ರ‍್ಯೊಕೊ ತಾನಿ, 2007ರ ಹೊತ್ತಿಗೆ ಏಳು ವಿಶ್ವ ಪ್ರಶಸ್ತಿ, ಎರಡು ಒಲಿಂಪಿಕ್ ಚಿನ್ನ ಗೆದ್ದಿದ್ದರು. ಕೊನೆಯ ವಿಶ್ವ ಪ್ರಶಸ್ತಿ ತಾಯಿಯಾದ ನಂತರದ್ದು. ಹೆಣ್ಣಿನ ದೇಹಕ್ಕೆ ಸ್ಪರ್ಧೆ ಆಗದು ಎಂದಿದ್ದವರು ಆಗ ಏನು ಹೇಳಿದರೋ!

ಯುಟಿಕಾದ ಪದಕವೂ ಹಿಂದಿರುಗಿತು. 2009ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ವೈ.ಎಂ.ಸಿ.ಎ. ಐವತ್ತು ವರ್ಷಗಳ ನಂತರ ಕಾನೊಕೊಗಿ ಅವರಿಗೆ ಪದಕ ನೀಡಿ ತಪ್ಪನ್ನು ಸರಿಪಡಿಸಿಕೊಂಡಿತು. ಆಗ ಅವರು ಕ್ಯಾನ್ಸರ್‌ನಿಂದ ಬಳಲುತ್ತಿದ್ದರು. ಮೂರು ತಿಂಗಳಲ್ಲಿ ತೀರಿಕೊಂಡರು.

ಚಾಪೆಯ ಆಚೆ

ಒಂದೇ ಸಭಾಂಗಣ ಸಿಕ್ಕಿದೊಡನೆ ಒಂದೇ ಗೌರವ ಸಿಕ್ಕಿತೇ? 2012ರ ಕೊನೆಯಲ್ಲಿ ಜಪಾನಿನ ಹದಿನೈದು ಮಂದಿ ಉನ್ನತ ಮಹಿಳಾ ಜೂಡೊ ಪಟುಗಳು ದೇಶದ ಒಲಿಂಪಿಕ್ ಸಮಿತಿಗೆ ದೂರು ಕೊಟ್ಟರು. ರಾಷ್ಟ್ರೀಯ ತಂಡದ ತರಬೇತಿಯಲ್ಲಿ ತಮ್ಮನ್ನು ಹೊಡೆಯುತ್ತಾರೆ, ಬಿದಿರಿನ ಕತ್ತಿಯಿಂದ ಬಾರಿಸುತ್ತಾರೆ, ಅವಮಾನಿಸುತ್ತಾರೆ ಎಂಬುದು ದೂರು. ಅವರ ಬೆನ್ನಿಗೆ ನಿಂತವರು ಅದೇ ಕವೊರಿ ಯಮಾಗುಚಿ, ನ್ಯೂಯಾರ್ಕಿನಲ್ಲಿ ಬೆಳ್ಳಿ ಗೆದ್ದಿದ್ದ ಹುಡುಗಿ. 2013ರ ಆರಂಭದಲ್ಲಿ ಮಹಿಳಾ ತಂಡದ ಮುಖ್ಯ ತರಬೇತುದಾರ ರಾಜೀನಾಮೆ ಕೊಟ್ಟರು. ಪರಸ್ಪರ ಹಿತವನ್ನು ಬೋಧಿಸಿದ ಗುರುವಿನ ನಾಡಿನಲ್ಲಿ, ವಿಶ್ವ ಪ್ರಶಸ್ತಿ ತರುವ ಹೆಣ್ಣುಮಕ್ಕಳ ಸ್ಥಿತಿ ಅದಾಗಿತ್ತು.

ಮುಸ್ಲಿಂ ಹೆಣ್ಣುಮಕ್ಕಳ ಕಥೆಯಲ್ಲಿ ಗೆಲುವೂ ಇದೆ, ಕಹಿಯೂ ಇದೆ. ಮೊದಲು ಗೆಲುವು. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಪುಟ್ಟ ದೇಶ ಕೊಸೊವೊದ ಪೇಯಾ ಪಟ್ಟಣದಲ್ಲಿ ದ್ರಿತೊನ್ ಕೂಕಾ ಎಂಬ ತರಬೇತುದಾರರಿದ್ದಾರೆ. ಯುಗೊಸ್ಲಾವಿಯಾ ಒಡೆಯುತ್ತಿದ್ದ ದಿನಗಳ ರಾಜಕೀಯದಲ್ಲಿ ಅವರ ಸ್ವಂತ ಒಲಿಂಪಿಕ್ ಕನಸು ಮುರಿದಿತ್ತು. ಯುದ್ಧದ ನಂತರ ಅವರ ಬಳಿ ಕಲಿತ ಮಕ್ಕಳಲ್ಲಿ ಒಬ್ಬಳು ಮೈಲಿಂಡಾ ಕೆಲ್ಮೆಂಡಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಕೆಗೆ ತನ್ನ ದೇಶದ ಧ್ವಜ ಸಿಗಲಿಲ್ಲ, ಅಲ್ಬೇನಿಯಾದ ಪರ ಆಡಬೇಕಾಯಿತು. 2013ರಲ್ಲಿ ರಿಯೋದಲ್ಲಿ ವಿಶ್ವ ಚಾಂಪಿಯನ್ ಆದಳು. 2014ರ ಚಾಂಪಿಯನ್‌ಷಿಪ್ ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿತ್ತು. ರಷ್ಯಾ ಕೊಸೊವೊವನ್ನು ಮಾನ್ಯ ಮಾಡದ ಕಾರಣ ಅಂತಾರಾಷ್ಟ್ರೀಯ ಜೂಡೊ ಒಕ್ಕೂಟದ ಧ್ವಜದಡಿ ಆಡಿ ಮತ್ತೆ ಗೆದ್ದಳು. 2016ರಲ್ಲಿ ಒಲಿಂಪಿಕ್ ಚಿನ್ನ ಗೆದ್ದಾಗ ಅದು ಕೊಸೊವೊದ ಮೊಟ್ಟಮೊದಲ ಪದಕ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ದಿಸ್ತ್ರಿಯಾ ಕ್ರಾಸ್ನಿಚಿ, ನೋರಾ ಜಾಕೋವಾ ಇನ್ನೆರಡು ಚಿನ್ನ ತಂದರು. 2024ರ ಪ್ಯಾರಿಸ್‌ವರೆಗೆ ಕೊಸೊವೊ ಗೆದ್ದ ಐದು ಒಲಿಂಪಿಕ್ ಪದಕಗಳೂ ಜೂಡೊದವು, ಐದೂ ಹೆಣ್ಣುಮಕ್ಕಳವು. ಪ್ಯಾರಿಸ್‌ನ 52 ಕಿಲೋ ಅಂತಿಮ ಪಂದ್ಯದಲ್ಲಿ ಕ್ರಾಸ್ನಿಚಿಯನ್ನು ಸೋಲಿಸಿದವಳು ಉಜ್ಬೇಕಿಸ್ತಾನದ ದಿಯೋರಾ ಕೆಲ್ದಿಯೋರೋವಾ. ಆ ದೇಶಕ್ಕೆ ಜೂಡೊದಲ್ಲಿ ಸಿಕ್ಕ ಮೊದಲ ಒಲಿಂಪಿಕ್ ಚಿನ್ನ ಅದು. ಮುಸ್ಲಿಂ ಸಮಾಜದ ಹೆಣ್ಣೆಂದರೆ ಮೂಲೆಯಲ್ಲಿ ಕುಳಿತವಳು ಎಂದು ಬರೆಯುವ ನಮ್ಮ ಪತ್ರಿಕೆಗಳು ಆ ಪಂದ್ಯದ ಬಗ್ಗೆ ಒಂದು ಸಾಲನ್ನಾದರೂ ಬರೆಯಬಹುದಿತ್ತು.

ಇನ್ನು ಕಹಿ. 2012ರಲ್ಲಿ ಸೌದಿ ಅರೇಬಿಯಾ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಹೆಣ್ಣುಮಕ್ಕಳನ್ನು ಕಳಿಸಿತು. ಇಬ್ಬರಲ್ಲಿ ಒಬ್ಬಳು ವುಜ್ದಾನ್ ಶಹರ್‌ಖಾನಿ, 16 ವರ್ಷದ ಜೂಡೊ ಪಟು. ತಂದೆ ಜೂಡೊ ರೆಫರಿ. ಶಿರವಸ್ತ್ರ ಧರಿಸಿ ಆಡುವಂತಿಲ್ಲ ಎಂದು ಜೂಡೊ ಒಕ್ಕೂಟ ಹೇಳಿತು. ಕೊರಳು ಬಿಗಿಯುವ ಪಟ್ಟುಗಳಿರುವ ಆಟದಲ್ಲಿ ಬಟ್ಟೆ ಅಪಾಯ ಎಂಬುದು ಕಾರಣ. ಈ ಮಾತನ್ನು ನಾವು ಸುಮ್ಮನೆ ತಳ್ಳಿಹಾಕುವುದಿಲ್ಲ. ಕೊರಳಿಗೆ ಸುತ್ತಿದ ಸಡಿಲ ಬಟ್ಟೆ ಜೂಡೊದಲ್ಲಿ ನಿಜಕ್ಕೂ ಅಪಾಯಕಾರಿ. ಆದರೆ ಈಜುಗಾರರ ಟೋಪಿಯಂತೆ ತಲೆಗೆ ಬಿಗಿಯಾಗಿ ಅಂಟುವ ಕಪ್ಪು ಹೊದಿಕೆಯೊಂದು ಕೆಲವೇ ದಿನಗಳ ಮಾತುಕತೆಯಲ್ಲಿ ಒಪ್ಪಿಗೆಯಾಯಿತು. ಅಂದರೆ ದಾರಿ ಇತ್ತು, ಹುಡುಕುವ ಮನಸ್ಸು ಬೇಕಿತ್ತು. ಆಗಸ್ಟ್ 3ರಂದು ಪೋರ್ಟೊ ರಿಕೋದ ಮೆಲಿಸ್ಸಾ ಮೊಹಿಕಾ ಎದುರು ವುಜ್ದಾನ್ 82 ಸೆಕೆಂಡುಗಳಲ್ಲಿ ಸೋತಳು. ಸಭಾಂಗಣ ಎದ್ದು ಚಪ್ಪಾಳೆ ತಟ್ಟಿತು.

ಆದರೆ ಒಕ್ಕೂಟವನ್ನು ಮಾತ್ರ ದೂಷಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಆ ಬಾಲಕಿ ತವರಿನ ಕೆಲವರಿಂದ ಕೇಳಿದ ಬೈಗುಳ ಸಣ್ಣದಲ್ಲ. ಸೌದಿಯ ಸರಕಾರಿ ಶಾಲೆಗಳಲ್ಲಿ ಹುಡುಗಿಯರಿಗೆ ದೈಹಿಕ ಶಿಕ್ಷಣ ನೀಡುವ ನಿರ್ಧಾರ ಪ್ರಕಟವಾದದ್ದೇ 2017ರಲ್ಲಿ. ಪ್ರವಾದಿ ಮುಹಮ್ಮದ್(ಸ) ರುಕಾನಾ ಎಂಬ ಜಟ್ಟಿಯೊಂದಿಗೆ ಕುಸ್ತಿಯಾಡಿದ ಪ್ರಸಂಗವನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಹಝ್ರತ್ ಆಯಿಶಾ(ರ) ಅವರೊಂದಿಗೆ ಪ್ರವಾದಿಯವರು ಓಟದ ಪಂದ್ಯವಾಡಿದ್ದನ್ನು ಸ್ವತಃ ಆಯಿಶಾ ಅವರೇ ಹೇಳಿದ್ದು ಹದೀಸ್ ಗ್ರಂಥದಲ್ಲಿದೆ. ಮೊದಲಿನ ಕಥೆ ಕೇಳುವ ಮಗನಿಗೆ ಆಟದ ಮೈದಾನ ಸಿಗುತ್ತದೆ. ಎರಡನೆಯ ಕಥೆ ಕೇಳುವ ಮಗಳಿಗೆ ಎಷ್ಟು ಮನೆಗಳಲ್ಲಿ ಅಂಗಳವಾದರೂ ಸಿಗುತ್ತದೆ?

ಲಂಡನ್‌ನ ಒಪ್ಪಂದ ಸಾಮಾನ್ಯ ನಿಯಮವಾಗಲಿಲ್ಲ. ಫುಟ್‌ಬಾಲ್ 2014ರಲ್ಲಿ, ಬಾಸ್ಕೆಟ್‌ಬಾಲ್ 2017ರಲ್ಲಿ ಶಿರವಸ್ತ್ರಕ್ಕೆ ಅನುಮತಿ ನೀಡಿ ಮುಂದೆ ಹೋದವು. 2018ರ ಅಕ್ಟೋಬರ್‌ನಲ್ಲಿ ಜಕಾರ್ತದಲ್ಲಿ ನಡೆದ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಇಂಡೋನೇಷ್ಯಾದ ಮಿಫ್ತಾಹುಲ್ ಜನ್ನಾ ಎಂಬ ದೃಷ್ಟಿದೋಷವುಳ್ಳ ಜೂಡೊ ಪಟು ಚಾಪೆಯ ಬಳಿ ಬಂದಾಗ ಶಿರವಸ್ತ್ರ ತೆಗೆಯುವಂತೆ ಸೂಚಿಸಲಾಯಿತು. ಆಕೆ ಒಪ್ಪಲಿಲ್ಲ. ಅನರ್ಹಳೆಂದು ಘೋಷಿಸಲಾಯಿತು. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶದ ರಾಜಧಾನಿಯಲ್ಲಿ, ತನ್ನದೇ ಜನರೆದುರು, ಆಡದೆಯೇ ಆ ಹೆಣ್ಣುಮಗಳು ಹಿಂದಿರುಗಿದಳು.

ಅಫ್ಘಾನಿಸ್ತಾನದ ಕಡೆಗೂ ಒಮ್ಮೆ ನೋಡಬೇಕು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆ ದೇಶದಿಂದ ಮೊದಲ ಬಾರಿಗೆ ಭಾಗವಹಿಸಿದ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಫರೀಬಾ ರೆಝಾಯಿ. ಆಟ ಜೂಡೊ. ಆಕೆ ಮುಂದೆ ಕೆನಡಾದಲ್ಲಿ ನೆಲೆಸಬೇಕಾಯಿತು. ನಿಗಾರಾ ಶಾಹೀನ್ ಎಂಬ ಇನ್ನೊಬ್ಬ ಅಫ್ಘಾನ್ ಹೆಣ್ಣುಮಗಳು ಟೋಕಿಯೋ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಜೂಡೊ ಆಡಿದಳು, ಎರಡೂ ಸಲ ನಿರಾಶ್ರಿತರ ತಂಡದಲ್ಲಿ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಅಧಿಕಾರಕ್ಕೆ ಬಂದ ಮೇಲೆ ಅಲ್ಲಿನ ಹುಡುಗಿಯರ ಪಾಲಿಗೆ ಪ್ರೌಢಶಾಲೆಯೂ ಮುಚ್ಚಿತು, ಆಟವೂ ಮುಚ್ಚಿತು. ಜಕಾರ್ತದಲ್ಲಿ ಶಿರವಸ್ತ್ರ ತೆಗೆ ಎಂದವರೂ ಕಾಬೂಲಿನಲ್ಲಿ ಮನೆಯೊಳಗಿರು ಎಂದವರೂ ಆ ಹೆಣ್ಣುಮಗಳನ್ನು ಕೇಳಲಿಲ್ಲ.

ಎಸ್ಸೆನ್‌ನಲ್ಲಿ ಆರಂಭವಾದದ್ದು ಮಾತ್ರ ಬೆಳೆಯುತ್ತಾ ಹೋಗಿದೆ. 2017ರಲ್ಲಿ ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಿಶ್ರ ತಂಡಗಳ ಸ್ಪರ್ಧೆ ಬಂತು. ಮೂವರು ಗಂಡಸರು, ಮೂವರು ಹೆಂಗಸರು ಸೇರಿ ಒಂದು ತಂಡ. ಹೆಂಗಸು ಹೆಂಗಸಿನೊಡನೆ, ಗಂಡಸು ಗಂಡಸಿನೊಡನೆ ಆಡಿದರೂ ಅಂಕ ಒಂದೇ ಲೆಕ್ಕಕ್ಕೆ ಸೇರುತ್ತದೆ. 1959ರಲ್ಲಿ ಹೆಣ್ಣೊಬ್ಬಳು ಗೆದ್ದ ಕಾರಣಕ್ಕೆ ತಂಡದ ಗೆಲುವು ರದ್ದಾಗುತ್ತಿತ್ತು. ಇಲ್ಲಿ ಹೆಣ್ಣುಮಕ್ಕಳಿಲ್ಲದೆ ತಂಡವೇ ಇಲ್ಲ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆ ಮೊದಲ ಬಾರಿಗೆ ನಡೆದಾಗ, ಜೂಡೊ ಹುಟ್ಟಿದ ಊರಿನಲ್ಲಿಯೇ ಫ್ರಾನ್ಸ್ ಜಪಾನನ್ನು ಸೋಲಿಸಿತು. ಪ್ಯಾರಿಸ್‌ನಲ್ಲೂ ಅದೇ ಫಲಿತಾಂಶ.

ಈ ಕಥೆಗೆ ಕನ್ನಡನಾಡಿನ ಒಂದು ಎಳೆಯೂ ಸೇರಿಕೊಂಡಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿ, ಉಕ್ಕಿನ ಕಾರ್ಖಾನೆಯ ವಿಜಯನಗರ ವಸತಿ ಪ್ರದೇಶದಲ್ಲಿ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ತರಬೇತಿ ಕೇಂದ್ರವಿದೆ. ಕುಸ್ತಿ, ಬಾಕ್ಸಿಂಗ್ ಜೊತೆಗೆ ಅಲ್ಲಿ ಜೂಡೊವನ್ನೂ ಕಲಿಸುತ್ತಾರೆ. ಜೂಡೊ ಗುರು ದೂರದ ಜಾರ್ಜಿಯಾ ದೇಶದವರು. ಮಣಿಪುರದ ಲಿಂಥೊಯ್ ಚನಂಬಮ್ ಎಂಬ ಬಾಲಕಿ ಮನೆಯಿಂದ ಸಾವಿರಾರು ಕಿಲೋಮೀಟರ್ ದೂರದ ಆ ಬಿಸಿಲ ಊರಿಗೆ ಬಂದು ಕಲಿತಳು. 2022ರ ಆಗಸ್ಟ್‌ನಲ್ಲಿ ಹುಡುಗರಿಗೂ ಹುಡುಗಿಯರಿಗೂ ಒಟ್ಟಾಗಿ ನಡೆದ 18 ವರ್ಷದೊಳಗಿನವರ ವಿಶ್ವ ಜೂಡೊ ಚಾಂಪಿಯನ್‌ಷಿಪ್‌ನ 57 ಕಿಲೋ ವಿಭಾಗದಲ್ಲಿ ಬ್ರೆಜಿಲಿನ ಹುಡುಗಿಯನ್ನು ಸೋಲಿಸಿ ಚಿನ್ನ ಗೆದ್ದಳು. ಯಾವುದೇ ವಯೋಮಾನದ ವಿಶ್ವ ಜೂಡೊದಲ್ಲಿ ಭಾರತಕ್ಕೆ ಅದುವರೆಗೆ ಒಂದು ಪದಕವೂ ಬಂದಿರಲಿಲ್ಲ, ಗಂಡಸರಿಗೂ ಇಲ್ಲ, ಹೆಂಗಸರಿಗೂ ಇಲ್ಲ. ಆ ಸ್ಪರ್ಧೆ ನಡೆದ ಊರು ಸರಾಯೆವೊ. 1990ರ ದಶಕದಲ್ಲಿ ಸಾವಿರ ದಿನಗಳಿಗೂ ಹೆಚ್ಚು ಕಾಲ ಮುತ್ತಿಗೆಯಲ್ಲಿ ನರಳಿದ ಅದೇ ಬೋಸ್ನಿಯಾದ ನಗರ. ಅಲ್ಲಿನ ಸಭಾಂಗಣದಲ್ಲಿ ಅಂದು ಜನಗಣಮನ ಕೇಳಿಬಂತು. ಪದಕದೊಂದಿಗೆ ಲಿಂಥೊಯ್ ಮರಳಿದಾಗ ಅವಳಿಗೆ 16 ವರ್ಷ ತುಂಬಿತ್ತಷ್ಟೆ.